ಲೂಪ್ ಎಲ್ಲಿ ನಿಲ್ಲಬೇಕು? ಸಂಖ್ಯೆಗಳ ಜೊತೆ ಐದು ವಾರ

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿ ಎರಡು ತಿಂಗಳಾಯಿತು. ಇಫ್, ಫಾರ್, ವೈಲ್, ಲಿಸ್ಟ್, ಒಂದೆರಡು ಫಂಕ್ಷನ್. ಇಷ್ಟು ಬರುತ್ತದೆ, ಇದರಾಚೆ ಏನೂ ಬರುವುದಿಲ್ಲ. ಇಷ್ಟರಲ್ಲೇ ಆಡುವಂಥದ್ದು ಏನಿದೆ ಅಂತ ಹುಡುಕಿದಾಗ ಸಿಕ್ಕಿದ್ದು ಸಂಖ್ಯೆಗಳು. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ನೋಡಲು ಒಂದು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು), ಒಂದು ಶೇಷ ಸಾಕು, ಅಲ್ವಾ? ಹಾಗಂದುಕೊಂಡೇ ಇಳಿದೆ. ಈಗ ಐದು ವಾರದ ಟಿಪ್ಪಣಿ ತಿರುವಿ ಹಾಕಿದರೆ ನಾನು ಎಡವಿದ್ದು ಹೆಚ್ಚುಕಮ್ಮಿ ಪ್ರತಿ ಸಲವೂ ಒಂದೇ ಜಾಗದಲ್ಲಿ. ಲೂಪ್ ಎಲ್ಲಿ ನಿಲ್ಲಬೇಕು ಅನ್ನುವಲ್ಲಿ.

ಮೊದಲ ವಾರ

ಎಲ್ಲರೂ ಮಾಡುವ ಲೆಕ್ಕದಿಂದಲೇ ಶುರು. 1000ಕ್ಕಿಂತ ಚಿಕ್ಕದಾದ, 3ರಿಂದ ಅಥವಾ 5ರಿಂದ ಭಾಗವಾಗುವ ಸಂಖ್ಯೆಗಳನ್ನೆಲ್ಲ ಕೂಡಿಸಬೇಕು. ನನಗೆ ಬಂದಿದ್ದು 234168. ಸರಿಯಾದ ಉತ್ತರ 233168. ಸರಿಯಾಗಿ ಒಂದು ಸಾವಿರ ಜಾಸ್ತಿ. ಲೂಪಿಗೆ ಸಂಖ್ಯೆಗಳ ಸಾಲು ಕೊಡುವ ರೇಂಜ್ ಕೊನೆಯ ಸಂಖ್ಯೆಯನ್ನು ಬಿಟ್ಟುಬಿಡುತ್ತದೆ ಅಂತ ಹಿಂದಿನ ದಿನವಷ್ಟೇ ಓದಿದ್ದೆ, ಆ ಜಂಬಕ್ಕೆ 1001 ಕೊಟ್ಟಿದ್ದೆ, 1000 ಒಳಗೆ ಬಂದು ಕೂತಿತ್ತು.

ಆಮೇಲೆ ಅವಿಭಾಜ್ಯ ಸಂಖ್ಯೆಗಳು. 2ರಿಂದ ಹಿಡಿದು ವರ್ಗಮೂಲದವರೆಗೆ ಭಾಗಿಸಿ ನೋಡಿದರೆ ಸಾಕು, ಯಾಕೆಂದರೆ ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವೆರಡರಲ್ಲಿ ಒಂದಾದರೂ ವರ್ಗಮೂಲಕ್ಕಿಂತ ದೊಡ್ಡದಿರುವುದಿಲ್ಲ. ಅಲ್ಲಿಯವರೆಗೆ ಸರಿ. 100ರೊಳಗೆ 25 ಅವಿಭಾಜ್ಯಗಳಿವೆ, ನನ್ನ ಪ್ರೋಗ್ರಾಮ್ 33 ಕೊಟ್ಟಿತು. ನುಸುಳಿದ ಎಂಟು ಕಳ್ಳರು ಇವು: 4, 6, 8, 9, 15, 25, 35, 49.

9, 25, 49 ಯಾಕೆ ಅಂತ ತಕ್ಷಣ ಹೊಳೆಯಿತು. ಈ ಸಲ ರೇಂಜ್‌ಗೆ ಒಂದು ಕೂಡಿಸುವುದನ್ನು ಮರೆತಿದ್ದೆ, ವರ್ಗಮೂಲವನ್ನೇ ಅದು ಬಿಟ್ಟುಬಿಟ್ಟಿತ್ತು. ಆದರೆ 35? ಅದು ವರ್ಗ ಸಂಖ್ಯೆಯೇ ಅಲ್ಲವಲ್ಲ. ಸುಮಾರು ಹೊತ್ತು ಆ ಒಂದು ಸಂಖ್ಯೆಯನ್ನೇ ನೋಡುತ್ತಾ ಕೂತೆ. 35ರ ವರ್ಗಮೂಲ 5.9ರ ಆಸುಪಾಸು, ಪೂರ್ಣಾಂಕ ಮಾಡಿದರೆ 5, ರೇಂಜ್ 4ಕ್ಕೇ ನಿಲ್ಲುತ್ತದೆ, ಅಲ್ಲಿಗೆ 5ರಿಂದ ಭಾಗಿಸಿ ನೋಡುವ ಸರದಿ ಬರುವುದೇ ಇಲ್ಲ. 15ರದ್ದೂ ಇದೇ ಕಥೆ. ಅವತ್ತಿಂದ ವರ್ಗಮೂಲದ ಸಹವಾಸವೇ ಬಿಟ್ಟೆ. ಭಾಗಿಸಿ ನೋಡುವ ಸಂಖ್ಯೆ ಐ, ಆ ಐ-ಯನ್ನು ಐ-ಯಿಂದಲೇ ಗುಣಿಸಿದರೆ ಸಂಖ್ಯೆಗಿಂತ ಜಾಸ್ತಿ ಆಯಿತಾ ಅಂತ ವೈಲ್‌ನಲ್ಲಿ ಕೇಳುತ್ತೇನೆ. ದಶಮಾಂಶದ ಗೊಡವೆ ಇಲ್ಲ, ಪೂರ್ತಿ ಪೂರ್ಣಾಂಕ.

ಎರಟೋಸ್ತನೀಸನ ಜರಡಿಯನ್ನೂ (ಪ್ರತಿ ಅವಿಭಾಜ್ಯದ ಗುಣಕಗಳನ್ನು ಹೊಡೆದುಹಾಕುತ್ತಾ ಹೋಗುವ ವಿಧಾನ) ಬರೆದೆ, 10 ಲಕ್ಷದೊಳಗೆ 78498 ಅಂತ ಒಂದೇ ಏಟಿಗೆ ಬಂತು. ಒಂದೊಂದಾಗಿ ಪರೀಕ್ಷಿಸುವ ಕೋಡ್ ಮುಂದೆ ಇದರ ವೇಗ ನೋಡಿ ಸ್ವಲ್ಪ ಬೇಜಾರೂ ಆಯಿತು. ಅಷ್ಟು ಕಷ್ಟಪಟ್ಟು 35 ಬಗೆಹರಿಸಿದ್ದೆ.

ಎರಡನೇ ವಾರ

ಪರಿಪೂರ್ಣ ಸಂಖ್ಯೆಗಳು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿಸಿದರೆ ಅದೇ ಸಂಖ್ಯೆ ಬರಬೇಕು: 1 + 2 + 3 = 6. 10000ದವರೆಗೆ ಇರುವುದು ನಾಲ್ಕೇ: 6, 28, 496, 8128. ಪ್ರತಿ ಸಂಖ್ಯೆಗೂ 1ರಿಂದ ಹಿಡಿದು ಅದರ ಹಿಂದಿನದರವರೆಗೆ ಭಾಗಿಸುವ ಒಡ್ಡೊಡ್ಡು ಕೋಡ್ ಹಾಕಿದರೆ ಸುಮಾರು 5 ಕೋಟಿ ಭಾಗಾಕಾರ. ಅದಕ್ಕೆ ಮತ್ತೆ ವರ್ಗಮೂಲದ ಉಪಾಯ: ಒಂದು ಭಾಜಕ ಸಿಕ್ಕಿದರೆ ಅದರ ಜೋಡಿಯೂ ಸಿಕ್ಕಿದಂತೆ, ಎರಡನ್ನೂ ಒಟ್ಟಿಗೆ ಕೂಡಿಸು. 1ರ ಜೋಡಿ ಆ ಸಂಖ್ಯೆಯೇ ಆಗಿರುವುದರಿಂದ ಮೊತ್ತವನ್ನು 1ರಿಂದಲೇ ಶುರು ಮಾಡಿ, ಲೂಪ್ 2ರಿಂದ ಓಡಿಸಿದೆ.

ಬಂದ ಉತ್ತರ: 1, 6, 28, 496, 8128. ಒಂದು ಎಲ್ಲಿಂದ ಬಂತು? ಮೊತ್ತ ಶುರುವಾಗಿದ್ದೇ 1ರಿಂದ, ಲೂಪ್ ಓಡಲೇ ಇಲ್ಲ, 1 ಮತ್ತು 1 ಸಮ, ಪಾಸ್! ನಗು ಬಂತು. ಸರಿಮಾಡಿ ಮುಂದೆ ಹೋದೆ.

ಆದರೆ ಅದೇ ಕೋಡಿನಲ್ಲಿ ಇನ್ನೊಂದು ತಪ್ಪು ಮೂರು ದಿನ ಅಡಗಿ ಕೂತಿತ್ತು. ಸುಮ್ನೆ ನೋಡೋಣ ಅಂತ 16ರ ಭಾಜಕಗಳ ಮೊತ್ತ ಪ್ರಿಂಟ್ ಮಾಡಿದರೆ 19 ಬಂತು. 1, 2, 4, 8 ಕೂಡಿಸಿದರೆ 15 ತಾನೇ? 4ರ ಜೋಡಿ ನಾಲ್ಕೇ ಆಗಿರುವುದರಿಂದ ಅದನ್ನು ಎರಡು ಸಲ ಸೇರಿಸಿದ್ದೆ. ಅಂದರೆ ಪ್ರತಿ ವರ್ಗ ಸಂಖ್ಯೆಗೂ ಮೊತ್ತ ತಪ್ಪು. ಆದರೂ ಪರಿಪೂರ್ಣ ಸಂಖ್ಯೆಗಳ ಪಟ್ಟಿ ಸರಿಯಾಗಿಯೇ ಬರುತ್ತಿತ್ತು, ಆ ತಪ್ಪು ಮೊತ್ತಗಳಲ್ಲಿ ಯಾವುದೂ ಆ ಸಂಖ್ಯೆಗೆ ಸಮವಾಗಲಿಲ್ಲ ಅಷ್ಟೇ. ಉತ್ತರ ಸರಿ ಇದೆ, ಪ್ರೋಗ್ರಾಮ್ ತಪ್ಪಿದೆ. ನಿಜ ಹೇಳಬೇಕೆಂದರೆ ಐದು ವಾರದಲ್ಲಿ ನನ್ನನ್ನು ಜಾಸ್ತಿ ಹೆದರಿಸಿದ್ದು ಇದೇ.

ಐದನೆಯ ಪರಿಪೂರ್ಣ ಸಂಖ್ಯೆ 33550336. ಜೋಡಿಯ ಉಪಾಯ ಇಟ್ಟುಕೊಂಡೇ ಅಲ್ಲಿಯವರೆಗೆ ಒಂದೊಂದಾಗಿ ಹೋದರೆ ಸುಮಾರು 13,000 ಕೋಟಿ ಭಾಗಾಕಾರ ಆಗುತ್ತದೆ, ಪೇಪರಿನಲ್ಲಿ ಲೆಕ್ಕ ಹಾಕಿ ಕೈಬಿಟ್ಟೆ. ಯೂಕ್ಲಿಡ್‌ನ ದಾರಿ ಹಿಡಿದೆ: 2ರ ಘಾತದಲ್ಲಿ ಒಂದು ಕಳೆದಾಗ ಅವಿಭಾಜ್ಯ ಬಂದರೆ, ಅದನ್ನು ಹಿಂದಿನ ಘಾತದಿಂದ ಗುಣಿಸು. 8191 × 4096, ಆಯಿತು. ಎರಡು ಸಾವಿರ ವರ್ಷಕ್ಕೂ ಹಳೆಯ ಸೂತ್ರ, ನನ್ನ ಲ್ಯಾಪ್‌ಟಾಪ್ ಫ್ಯಾನಿಗೆ ಗೊತ್ತೇ ಆಗಲಿಲ್ಲ. ಈ ದಾರಿಯಲ್ಲಿ 2047 ಕೈಕೊಡುತ್ತದೆ, ಅದು 23 × 89, ಅವಿಭಾಜ್ಯವಲ್ಲ.

ಮೂರನೇ ವಾರ

ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಕಂಡುಹಿಡಿಯುವ ಕೋಡ್ ಬರೆದೆ. ಮೂರು ಸಾಲು, ಮೊದಲ ಸಲಕ್ಕೇ ಸರಿ ಬಂತು. ಬರೆಯಲು ಏನೂ ಇಲ್ಲ.

ನಾಲ್ಕನೇ ವಾರ

6174. ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ಇದನ್ನು 1949ರಲ್ಲಿ ಕಂಡುಹಿಡಿದವರು ದೇವಳಾಲಿಯ ಶಾಲಾ ಮೇಷ್ಟ್ರು ಡಿ. ಆರ್. ಕಾಪ್ರೇಕರ್. ನಾಲ್ಕು ಅಂಕಿಯ ಒಂದು ಸಂಖ್ಯೆ ತಗೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ, ಬಂದಿದ್ದಕ್ಕೆ ಮತ್ತೆ ಅದನ್ನೇ ಮಾಡಿ. ಏಳು ಹೆಜ್ಜೆಯೊಳಗೆ 6174 ಬಂದೇ ಬರುತ್ತದೆ.

3524 ಹಾಕಿ ನೋಡಿದೆ. 5432 − 2345 = 3087. 8730 − 0378 = 8352. 8532 − 2358 = 6174. ಮೂರೇ ಹೆಜ್ಜೆ, ಕೋಡ್ ಸರಿಯಿದೆ. ಖುಷಿಯಲ್ಲಿ 1000ದಿಂದ 9999ರವರೆಗೆ ಓಡಿಸಿದೆ. ಕರ್ಸರ್ ಮಿನುಗುತ್ತಾ ನಿಂತಿತು. ಒಂಬತ್ತು ಸಾವಿರ ಸಂಖ್ಯೆ ಅಲ್ವಾ, ಹೊತ್ತು ಹಿಡಿಯುತ್ತದೆ ಅಂತ ಎದ್ದು ಹೋಗಿ ಬಂದೆ. ಹಾಗೇ ಇತ್ತು. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ಎಲ್ಲಿದೆ ಅಂತ ಪ್ರಿಂಟ್ ಹಾಕಿ ನೋಡಿದರೆ ಮೊಟ್ಟಮೊದಲನೆಯ 1000ದಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಆಗಿದ್ದು ಇಷ್ಟು. 1000 − 0001 = 999. ಇದು ನಮ್ಮ ಲೆಕ್ಕದಲ್ಲಿ 0999. ಆದರೆ ಪೈಥಾನಿಗೆ ಅದು ಬರೀ 999, ಮುಂದಿನ ಸೊನ್ನೆ ಹಾರಿಹೋಯಿತು. 999ರಿಂದ 999 ಕಳೆದರೆ 0. ಆಮೇಲೆ 0 − 0 = 0, ಹೀಗೇ ಎಂದೆಂದಿಗೂ. ನಾನು ವೈಲ್‌ಗೆ ಹೇಳಿದ್ದು 6174 ಬರುವವರೆಗೆ ಓಡು ಅಂತ. ಪಾಪ, ಅದು ಹೇಳಿದ ಮಾತು ಕೇಳಿತು.

ತಕ್ಷಣ ಸರಿಮಾಡುವ ಬದಲು, 0 ಬಂದರೂ ನಿಲ್ಲು ಅಂತ ಒಂದು ಷರತ್ತು ಸೇರಿಸಿ, ಎಷ್ಟು ಸಂಖ್ಯೆ ಸೊನ್ನೆಗೆ ಬೀಳುತ್ತವೆ ಅಂತ ಎಣಿಸಿದೆ. 1111, 2222 ಥರದ 9 ಮಾತ್ರ ಬೀಳಬೇಕಿತ್ತು. ಬಿದ್ದಿದ್ದು 77. ಪಟ್ಟಿ ಹೀಗೆ ಶುರು: 1000, 1011, 1101, 1110, 1111, 1112, 1121... ಮೂರು ಅಂಕಿ ಒಂದೇ, ನಾಲ್ಕನೆಯದು ಅದಕ್ಕಿಂತ ಒಂದು ಹೆಚ್ಚು ಅಥವಾ ಕಮ್ಮಿ. ಅಂಥವಕ್ಕೆಲ್ಲ ಮೊದಲ ವ್ಯತ್ಯಾಸ 999 ಆಗಿಯೇ ಬರುತ್ತದೆ. ತಪ್ಪಿಗೂ ಒಂದು ಆಕಾರ ಇದೆ ಅಂತ ಗೊತ್ತಾದಾಗ ಸರಿ ಉತ್ತರ ಬಂದಿದ್ದಕ್ಕಿಂತ ಜಾಸ್ತಿ ಖುಷಿಯಾಯಿತು, ಯಾಕೋ. ಆಮೇಲೆ ಸಂಖ್ಯೆಯನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡುವಾಗ ನಾಲ್ಕು ಅಂಕಿ ತುಂಬುವಷ್ಟು ಮುಂದೆ ಸೊನ್ನೆ ಹಚ್ಚಿದೆ (ಅದಕ್ಕೆ ಝಡ್‌ಫಿಲ್ ಅಂತ ಇದೆ). 77 ಇದ್ದದ್ದು 9ಕ್ಕೆ ಇಳಿಯಿತು. 0000ದಿಂದ 9999ರವರೆಗೆ ಓಡಿಸಿದರೆ 2400 ಸಂಖ್ಯೆಗಳು ಮೂರು ಹೆಜ್ಜೆಗೆ ತಲುಪುತ್ತವೆ, 2184 ಸಂಖ್ಯೆಗಳಿಗೆ ಏಳೂ ಹೆಜ್ಜೆ ಬೇಕು.

ಐದನೇ ವಾರ

ಕೊಲಾಟ್ಜ್. ಸಮ ಸಂಖ್ಯೆಯಾದರೆ ಅರ್ಧ ಮಾಡು, ಬೆಸವಾದರೆ ಮೂರರಿಂದ ಗುಣಿಸಿ ಒಂದು ಸೇರಿಸು, 1 ಬಂದರೆ ನಿಲ್ಲು. 27 ಹಾಕಿದರೆ 9232ರವರೆಗೆ ಏರಿ, 111 ಹೆಜ್ಜೆ ಹಾಕಿ ಇಳಿಯುತ್ತದೆ. ಈ ಲೂಪ್ ಎಲ್ಲ ಸಂಖ್ಯೆಗೂ ನಿಲ್ಲುತ್ತದೆ ಅಂತ ಇಲ್ಲಿಯವರೆಗೆ ಯಾರೂ ಸಾಧಿಸಿಲ್ಲ. ನನ್ನ ಫೈಲಿನಲ್ಲಿರುವ ಆರು ಸಾಲಿನ ಬಗ್ಗೆ ಗಣಿತಜ್ಞರಿಗೂ ಖಾತ್ರಿ ಇಲ್ಲ!

10 ಲಕ್ಷದೊಳಗೆ ಯಾವುದರ ದಾರಿ ಅತಿ ಉದ್ದ ಅಂತ ಹುಡುಕಲು ಒಟ್ಟು 13 ಕೋಟಿ ಚಿಲ್ಲರೆ ಹೆಜ್ಜೆ. ನಿಧಾನ. ಆಮೇಲೆ ಹೊಳೆಯಿತು, 1 ಬರುವವರೆಗೆ ಕಾಯುವುದೇ ಬೇಡ. 27ರಿಂದ ಹೊರಟರೆ 96ನೇ ಹೆಜ್ಜೆಗೆ 23 ಬರುತ್ತದೆ. 23ಕ್ಕೆ 15 ಹೆಜ್ಜೆ ಅಂತ ಆಗಲೇ ಲಿಸ್ಟಿನಲ್ಲಿದೆ. 96 + 15 = 111. ಹೊರಟ ಸಂಖ್ಯೆಗಿಂತ ಕೆಳಗೆ ಬಂದ ಕೂಡಲೇ ನಿಲ್ಲಿಸಿ, ಹಳೆಯ ಲೆಕ್ಕ ಕೂಡಿಸಿದರೆ ಆಯಿತು. ಕೆಲವೇ ಸೆಕೆಂಡಿನಲ್ಲಿ ಉತ್ತರ: 837799, 524 ಹೆಜ್ಜೆ.

ನಿನ್ನೆ ರಾತ್ರಿ 3 ಇದ್ದ ಕಡೆ 5 ಹಾಕಿ ನೋಡಿದೆ. 13ರಿಂದ ಹೊರಟಿದ್ದು 66, 33, 166, 83, 416, 208, 104, 52, 26 ದಾಟಿ 13ಕ್ಕೇ ವಾಪಸ್ ಬಂದು ಗಾಣದ ಎತ್ತಿನ ಥರ ಸುತ್ತತೊಡಗಿತು. 7ರಿಂದ ಹೊರಟಿದ್ದು ವಾಪಸ್ಸೂ ಬರಲಿಲ್ಲ. ಸಂಖ್ಯೆ ಸ್ಕ್ರೀನಿನ ಒಂದು ಸಾಲಿಗೆ ಹಿಡಿಸದಷ್ಟು ಉದ್ದವಾದ ಮೇಲೆ ಮತ್ತೆ ಕಂಟ್ರೋಲ್ ಸಿ ಒತ್ತಿದೆ. ಕೋಡನ್ನು ಎರಡು ಸಲ ಓದಿದೆ, ಈ ಸಲ ತಪ್ಪೇನೂ ಸಿಗಲಿಲ್ಲ.