ಚಿನ್ನ ಎಷ್ಟು ಸಿಕ್ಕಿತು ಎಂದು ಕೇಳುವವರಿಗೆ

ಹೋದ ವರ್ಷ ಬಂಗಾರಪೇಟೆಯಲ್ಲಿ ಒಂದು ಮದುವೆಯ ಊಟ. ಎಲೆಗೆ ಹೋಳಿಗೆ ಬಿದ್ದಿತ್ತು. ಪಕ್ಕದಲ್ಲಿ ಕುಳಿತಿದ್ದ ಸೋದರಮಾವ ಕೇಳಿದರು: "ಅಲ್ಲಮ್ಮಾ, ಅಮೆರಿಕದ ಆ ನಿಮ್ಮ ಮುತ್ತಾತನಿಗೆ ಕೊನೆಗೆ ಚಿನ್ನ ಎಷ್ಟು ಸಿಕ್ಕಿತಂತೆ?" ನಾನು ಬಾಯಿ ತೆರೆಯುವಷ್ಟರಲ್ಲಿ ತುಪ್ಪದವನು ಬಂದ. ಮಾವ ಆ ಕಡೆ ತಿರುಗಿದರು. ಉತ್ತರ ನನ್ನ ಬಾಯಲ್ಲೇ ಉಳಿಯಿತು.

ನಾಲ್ಕು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ನನ್ನ ಗಂಡನ ಮುತ್ತಜ್ಜನ ತಂದೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರು, ಕ್ಯಾಲಿಫೋರ್ನಿಯಾಕ್ಕೆ ಚಿನ್ನ ಅಗೆಯಲು ಬಂದವರು. ಅವರನ್ನು ಜನಗಣತಿಯ ಹಾಳೆಗಳಲ್ಲಿ, ಜಮೀನಿನ ಕಾಗದಗಳಲ್ಲಿ ಹುಡುಕುತ್ತಿದ್ದೇನೆ ಎಂದು ಹೇಳಿದರೆ ಸಾಕು, ಎದುರಿನವರ ಕಣ್ಣು ಹೊಳೆಯುತ್ತದೆ, ಅದೇ ಪ್ರಶ್ನೆ ಬರುತ್ತದೆ. ಬೇರೆ ಊರಿನವರು ಕೇಳಿದರೆ ಸಹಿಸಿಕೊಳ್ಳುತ್ತೇನೆ. ಕೋಲಾರ ಜಿಲ್ಲೆಯವರು ಕೇಳಿದಾಗ ಸಿಟ್ಟು ಬರುತ್ತದೆ. ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಗುಮಾಸ್ತರಾಗಿ ಬದುಕು ಸವೆಸಿದರು. ಮನೆಯಲ್ಲಿ ಅಜ್ಜಿಯ ತಾಳಿ ಬಿಟ್ಟರೆ ಗುಲಗಂಜಿ ತೂಕದ ಚಿನ್ನವಿರಲಿಲ್ಲ. ಗಣಿಯಲ್ಲಿ ದುಡಿದವರ ಮನೆಯಲ್ಲಿ ಚಿನ್ನ ಇರುವುದಿಲ್ಲ ಎಂಬುದು ನಮ್ಮವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಅದೇ ಕಾರ್ನ್‌ವಾಲ್‌ನ ಗಣಿಗಾರರು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೆಲಸಕ್ಕೆ ಕೆಜಿಎಫ್‌ಗೂ ಬಂದಿದ್ದರು. ಒಂದೇ ಸೀಮೆಯ ಜನ ಒಂದು ಕಡೆ ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿಗೆ, ಇನ್ನೊಂದು ಕಡೆ ನಮ್ಮ ಊರಿಗೆ ಬಂದು ಇಳಿದಿದ್ದರು ಎಂದು ತಿಳಿದ ದಿನವೇ ನಾನು ಈ ಹುಡುಕಾಟಕ್ಕೆ ಇಳಿದದ್ದು. ಹಾಗಾಗಿ "ಗಂಡನ ಕಡೆಯವರ ವಂಶವೃಕ್ಷ ನಿನಗೇಕೆ?" ಎಂದು ಕೇಳುವವರಿಗೂ ಇದೇ ಉತ್ತರ.

ಎಲ್ಲವೂ ಇಂಟರ್‌ನೆಟ್‌ನಲ್ಲಿ ಸಿಗುತ್ತದಲ್ಲ ಎನ್ನುತ್ತಾರೆ. ಹಾಳೆಯ ಚಿತ್ರ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಕೊಲೊಮಾ ಎಂಬ ಊರಿನಲ್ಲಿ 1848ರ ಜನವರಿ 24ರಂದು ಚಿನ್ನ ಕಂಡಿತು. ಅಮೆರಿಕದ ಜನಗಣತಿಯಲ್ಲಿ ಮನೆಯ ಯಜಮಾನನನ್ನಷ್ಟೇ ಅಲ್ಲದೆ ಸ್ವತಂತ್ರರಾಗಿದ್ದ ಎಲ್ಲರನ್ನೂ ಹೆಸರಿಟ್ಟು ಬರೆದದ್ದು 1850ರಲ್ಲಿ, ಮೊದಲ ಬಾರಿಗೆ. ನನ್ನ ಅದೃಷ್ಟ ಎಂದುಕೊಂಡೆ. ಆದರೆ ಕ್ಯಾಲಿಫೋರ್ನಿಯಾದ 1850ರ ಗಣತಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಸಾಂಟಾ ಕ್ಲಾರಾ, ಕಾಂಟ್ರಾ ಕೋಸ್ಟಾ ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥ ವಿಭಾಗಗಳ, ಹಾಳೆಗಳೇ ಉಳಿದಿಲ್ಲ. ಅವರೂ ಅಲ್ಲೇ ಕಳೆದುಹೋಗಿರಬೇಕು ಎಂದು ಒಂದು ವರ್ಷ ಕೈಕಟ್ಟಿ ಕುಳಿತೆ. ಆಮೇಲೆ ರಾಜ್ಯ ಸರ್ಕಾರವೇ 1852ರಲ್ಲಿ ನಡೆಸಿದ ಗಣತಿ ಕೈಗೆ ಬಂತು. ಅದರಲ್ಲಿ "ಇದಕ್ಕೆ ಮೊದಲು ಎಲ್ಲಿದ್ದರು" ಎಂಬ ಕಾಲಂ ಇದೆ. ಕಾರ್ನ್‌ವಾಲ್‌ನಿಂದ ನೇರವಾಗಿ ಹಡಗು ಹತ್ತಿ ಚಿನ್ನದ ನಾಡಿಗೆ ಬಂದರು ಎಂಬುದು ಗಂಡನ ಮನೆಯಲ್ಲಿ ಮೂರು ತಲೆಮಾರು ಹೇಳಿಕೊಂಡು ಬಂದ ಕಥೆ. ಆ ಕಾಲಂನಲ್ಲಿ ಇದ್ದದ್ದು ಅಮೆರಿಕದ್ದೇ ಇನ್ನೊಂದು ರಾಜ್ಯ, ವಿಸ್ಕಾನ್ಸಿನ್. ಅಲ್ಲಿನ ಮಿನರಲ್ ಪಾಯಿಂಟ್ ಎಂಬ ಊರಿನ ಸೀಸದ ಗಣಿಗಳಿಗೆ ಕಾರ್ನ್‌ವಾಲ್‌ನವರು ಮೊದಲೇ ಬಂದಿದ್ದರು. ಆ ಊರಿನ 1850ರ ಹಾಳೆ ತೆರೆದೆ, ಅವರು ಅಲ್ಲಿದ್ದರು. ವಯಸ್ಸು 22, ವೃತ್ತಿ ಗಣಿಗಾರ. ಅವರ ಮನೆತನದ ಹೆಸರು ಆ ಸೀಮೆಯ ಎಷ್ಟೋ ಹೆಸರುಗಳಂತೆ "ಟ್ರೆ" ಎಂದು ಶುರುವಾಗುತ್ತದೆ. ಗಣತಿದಾರ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದರಿಂದ ಒಂದೊಂದು ಗಣತಿಯಲ್ಲಿ ಒಂದೊಂದು ಕಾಗುಣಿತ.

ನನ್ನ ಸ್ವಂತ ತಾತನನ್ನು ನಾನು ಹೀಗೆ ಹುಡುಕಲಾರೆ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯಂತೆ ಮನೆಮನೆಯ ಹಾಳೆಗಳನ್ನು ಯಾರೂ ನೋಡುವಂತಿಲ್ಲ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ತೆರೆಯುತ್ತಾರೆ. 1950ರ ಹಾಳೆಗಳು 2022ರಲ್ಲಿ ಹೊರಬಂದವು. ತಾತನ ಹೆಸರನ್ನು ಯಾವನೋ ಗಣತಿದಾರನ ಕೈಬರಹದಲ್ಲಿ ಒಮ್ಮೆ ನೋಡಬೇಕೆಂಬ ಆಸೆ ನನಗೆ ಈಗಲೂ ಇದೆ.

ಇರಲಿ, ಚಿನ್ನದ ಪ್ರಶ್ನೆಗೆ ಬರುತ್ತೇನೆ. 1860ರಲ್ಲಿ ಗಣತಿದಾರರು ಸ್ಥಿರಾಸ್ತಿಯ ಜೊತೆಗೆ ಚರಾಸ್ತಿಯ ಬೆಲೆಯನ್ನೂ ಕೇಳಿ ಬರೆದುಕೊಂಡರು. ಗ್ರಾಸ್ ವ್ಯಾಲಿಯಲ್ಲಿ ಇತರ ನಾಲ್ವರ ಜೊತೆ ಒಂದೇ ಮನೆಯಲ್ಲಿದ್ದ ಇವರ ಹೆಸರಿನ ಮುಂದೆ ಜಮೀನಿನ ಕಾಲಂ ಖಾಲಿ, ಚರಾಸ್ತಿ 150 ಡಾಲರ್. ಹತ್ತು ವರ್ಷ ಅಗೆದವರ ಆಸ್ತಿ ಅಷ್ಟು. 1870ರಲ್ಲಿ ಹೆಂಡತಿ, ಮೂವರು ಮಕ್ಕಳು. ವೃತ್ತಿ ಆಗಲೂ ಗಣಿಗಾರ. 1880ರ ಹಾಳೆಯಲ್ಲಿ ಮಾತ್ರ ಬೇರೆ ಪದ ಕಂಡಿತು. ರೈತ.

ಆ ಒಂದು ಪದ ನನ್ನನ್ನು ಜಮೀನಿನ ದಾಖಲೆಗೆ ಕರೆದೊಯ್ಯಿತು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆಯವರೆಗೆ ಸರ್ಕಾರಿ ಭೂಮಿಗೆ ಅರ್ಜಿ ಹಾಕಬಹುದಿತ್ತು; ಐದು ವರ್ಷ ಅಲ್ಲೇ ನೆಲೆಸಿ ಉಳುಮೆ ಮಾಡಿದರೆ ಹಕ್ಕುಪತ್ರ. ಹಕ್ಕುಪತ್ರ ಒಂದೇ ಹಾಳೆ, ಅದರಲ್ಲಿ ಏನೂ ಇರುವುದಿಲ್ಲ. ಅದರ ಹಿಂದಿನ ಕಡತವನ್ನು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಿಂದ ತರಿಸಿಕೊಳ್ಳಬೇಕು. ತರಿಸಿದೆ. ಹದಿನಾರು ಅಡಿಗೆ ಇಪ್ಪತ್ತನಾಲ್ಕು ಅಡಿಯ ಹಲಗೆಯ ಮನೆ, ಒಂದು ಕೊಟ್ಟಿಗೆ, ಒಂದು ಬಾವಿ, 60 ಸೇಬಿನ ಗಿಡ, 20 ಎಕರೆ ಉತ್ತ ನೆಲ. ನೆರೆಹೊರೆಯ ಇಬ್ಬರ ಸಾಕ್ಷಿ. ಅಮೆರಿಕದ ಪೌರತ್ವ ಪಡೆದ ಕಾಗದದ ನಕಲು. ಕಡತದ ಕೊನೆಯಲ್ಲಿ 1883ರ ಒಂದು ಅಫಿಡವಿಟ್.

ಚಿನ್ನದ ಸೀಮೆಯಲ್ಲಿ ಬೇಸಾಯದ ಜಮೀನು ಕೇಳುವವರು ಒಂದು ಮಾತನ್ನು ಪ್ರಮಾಣ ಮಾಡಿ ಹೇಳಬೇಕಾಗಿತ್ತು: ಈ ನೆಲದ ಉದ್ದಗಲ ನನಗೆ ಗೊತ್ತು, ನನಗೆ ತಿಳಿದಂತೆ ಇಲ್ಲಿ ಚಿನ್ನದ ಎಳೆ ಇಲ್ಲ, ನನಗೆ ಇದು ಬೇಕಾಗಿರುವುದು ಬೇಸಾಯಕ್ಕೆ. ಚಿನ್ನಕ್ಕಾಗಿ ಎರಡು ಸಮುದ್ರಗಳ ನಡುವಿನ ನಾಡನ್ನು ದಾಟಿ ಬಂದ ಮನುಷ್ಯ, 55ನೆಯ ವಯಸ್ಸಿನಲ್ಲಿ, ತನ್ನ ನೆಲದಲ್ಲಿ ಚಿನ್ನವಿಲ್ಲ ಎಂದು ಆಣೆ ಮಾಡಿದ್ದಾರೆ. ಕೆಳಗೆ ಸಹಿ ಇಲ್ಲ. ಓದು ಬರಹ ಬಾರದವರ ಕತ್ತರಿ ಗುರುತು ಇದೆ. ಶಾಯಿ ಒಂದು ಕಡೆ ದಪ್ಪವಾಗಿದೆ, ಲೇಖನಿಯನ್ನು ಅಲ್ಲಿ ಒತ್ತಿ ಹಿಡಿದಿದ್ದಾರೆ. ಅದನ್ನು ನೋಡಿ ನಾನು ಅತ್ತೆ. ಮಾವನವರೇ, ನಿಮ್ಮ ಪ್ರಶ್ನೆಗೆ ಉತ್ತರ ಆ ಗುರುತು.

ಈಗ ನನ್ನನ್ನು ಯಾರೂ ಕೇಳದ ಪ್ರಶ್ನೆ. ಆ ಜಮೀನು ಅದಕ್ಕೂ ಮೊದಲು ಯಾರದ್ದಾಗಿತ್ತು?

ಕೌಂಟಿಯ ಕ್ರಯಪತ್ರಗಳ ಸೂಚಿಯಲ್ಲಿ ಕೊಟ್ಟವರು, ಪಡೆದವರು ಎಂದು ಎರಡು ಪಟ್ಟಿಗಳಿರುತ್ತವೆ. ಹಿಂದೆ ಹಿಂದೆ ಹೋದರೆ ಮೊದಲ ಕಾಗದದಲ್ಲಿ ಕೊಟ್ಟವರ ಹೆಸರು ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿಗೆ ನಿಲ್ಲುತ್ತದೆ. ಆದರೆ ಗ್ರಾಸ್ ವ್ಯಾಲಿ, ನೆವಾಡ ಸಿಟಿ ಇರುವ ಆ ಬೆಟ್ಟಗಳು ನಿಸೆನಾನ್ ಜನರ ನಾಡು. 1851 ಮತ್ತು 1852ರಲ್ಲಿ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಜೊತೆ 18 ಒಪ್ಪಂದಗಳಾದವು. ಅಮೆರಿಕದ ಸೆನೆಟ್ ಅವುಗಳನ್ನು ಒಪ್ಪಲಿಲ್ಲ. ಆ ಕಾಗದಗಳು 1905ರವರೆಗೆ ಗುಟ್ಟಾಗಿಯೇ ಇದ್ದವು. ಗಣತಿಯ ಕಾಗದಗಳಲ್ಲಿ ಈ ಮೂಲನಿವಾಸಿಗಳ ಹೆಸರು ಇಂಡಿಯನ್ನರು; 1850ರ ಗಣತಿಯಲ್ಲಿ ತೆರಿಗೆ ಕಟ್ಟದ ಇಂಡಿಯನ್ನರನ್ನು ಬರೆಯಲೇಬೇಡಿ ಎಂದು ಗಣತಿದಾರರಿಗೆ ಸೂಚನೆ ಇತ್ತು. ನಮ್ಮ ಮನೆಯ ಸೇಬಿನ ಗಿಡಗಳಿಗೂ ಲೆಕ್ಕವಿದೆ, ಕಡತದಲ್ಲಿ 60 ಎಂದು ಬರೆದಿದೆ. ಅವರ ಊರುಗಳಿಗೆ, ಅವರ ಓಕ್ ಮರಗಳಿಗೆ ಒಂದು ಸಾಲೂ ಇಲ್ಲ.

ನನ್ನ ಮಗಳ ಮೈಯಲ್ಲಿ ಆ ಗಣಿಗಾರರ ರಕ್ತವಿದೆ. ಅವಳಿಗೆ ನಾನು ಈ ಕಥೆಯನ್ನು ಹಕ್ಕುಪತ್ರದಿಂದ ಶುರು ಮಾಡಿ ಹೇಳಲಾರೆ.

1880ರ ಹಾಳೆಯನ್ನು ಮತ್ತೆ ತೆರೆದು, ನಮ್ಮವರ ಸಾಲಿನಿಂದ ಎರಡು ಪುಟ ಮುಂದೆ ಓದಿದೆ. ಅಲ್ಲಿ ಒಬ್ಬ ಹೆಂಗಸು. ಹೆಸರು ಮೇರಿ, ಮನೆತನದ ಹೆಸರಿಲ್ಲ, ವಯಸ್ಸು 40, ಬಣ್ಣದ ಕಾಲಂನಲ್ಲಿ ಇಂಡಿಯನ್ ಎಂಬುದಕ್ಕೆ ಒಂದೇ ಅಕ್ಷರ, ಹುಟ್ಟಿದ್ದು ಕ್ಯಾಲಿಫೋರ್ನಿಯಾ. ಚಿನ್ನ ಕಂಡ ವರ್ಷ ಅವಳಿಗೆ ಎಂಟು ವರ್ಷ. 1900ರ ಗಣತಿಯಲ್ಲಿ ಇಂಡಿಯನ್ನರಿಗೆ ಪ್ರತ್ಯೇಕ ಹಾಳೆಗಳಿವೆ, ಅದರಲ್ಲಿ ಬುಡಕಟ್ಟಿನ ಹೆಸರಿಗೂ ಜಾಗವಿದೆ. ಆರು ತಿಂಗಳಿಂದ ಆ ಹಾಳೆಗಳಲ್ಲಿ ಮೇರಿಯನ್ನು ಹುಡುಕುತ್ತಿದ್ದೇನೆ.