ಕಣ್ಣಿಗೆ ಕನ್ನಡ, ಕಿವಿಗೆ ಪೌಂಡ್ ಚಿಹ್ನೆ

ದಾವಣಗೆರೆಯ ದೂರಶಿಕ್ಷಣ ಅಧ್ಯಯನ ಕೇಂದ್ರವೊಂದರ ಗ್ರಂಥಾಲಯದಲ್ಲಿ ಡಿಜಿಟಲ್ ವಿಭಾಗದ ಹೊಣೆ ನನ್ನದು. ಪಠ್ಯಸಾಮಗ್ರಿಯನ್ನೆಲ್ಲ ಪಿಡಿಎಫ್ ಮಾಡಿ ಜಾಲತಾಣಕ್ಕೆ ಏರಿಸಿದ ದಿನ, ಇನ್ನು ಜಗಳೂರು, ಚನ್ನಗಿರಿ ಕಡೆಯವರು ಪುಸ್ತಕಕ್ಕಾಗಿ ಬಸ್ಸು ಹತ್ತಬೇಕಿಲ್ಲವೆಂದು ನಿರಾಳವಾಗಿದ್ದೆ. ಅದೇ ವಾರ ಜಗಳೂರು ಕಡೆಯ ದೃಷ್ಟಿಹೀನ ಎಂ.ಎ. ವಿದ್ಯಾರ್ಥಿಯೊಬ್ಬರು ಫೋನ್ ಮಾಡಿ, “ಮೇಡಂ, ಕನ್ನಡ ಪುಸ್ತಕ ಅಂತ ಹಾಕಿದ್ದೀರಿ, ಇದು ಓದೋದು ಯಾವ ಭಾಷೆಯೋ ತಿಳೀತಿಲ್ಲ” ಎಂದರು.

ಕಚೇರಿಯ ಗಣಕದಲ್ಲಿ ಎನ್‌ವಿಡಿಎ ಎಂಬ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಉಚಿತ ಪರದೆವಾಚಕವನ್ನು ಹಾಕಿಕೊಂಡು ನಾನೇ ಕೇಳಿದೆ. ಕಡತವನ್ನು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಲಾಗಿತ್ತು. ಅಂಥ ಅಕ್ಷರಶೈಲಿಗಳು ಇಂಗ್ಲಿಷಿನ ಸಂಕೇತಗಳಿಗೆ ಕನ್ನಡದ ರೂಪ ತೊಡಿಸುವುದರಿಂದ, ನಮಗೆ ‘ಕ’ ಎಂದು ಕಾಣುವಲ್ಲಿ ತಂತ್ರಾಂಶಕ್ಕೆ ಸಿಗುವುದು ಪಿ ಅಕ್ಷರ, ‘ನ’ ಇರುವಲ್ಲಿ ಸಿಗುವುದು ಪೌಂಡ್ ಚಿಹ್ನೆ. ಸ್ಕ್ಯಾನ್ ಮಾಡಿದ ಪುಸ್ತಕಗಳ ಪಾಡು ಇನ್ನೂ ಕಷ್ಟ. ಅವು ಬರೀ ಚಿತ್ರಗಳಾದ್ದರಿಂದ ಏನೂ ಕೇಳಿಸಲಿಲ್ಲ. ಜಾಲತಾಣ ಉದ್ಘಾಟನೆಯ ದಿನ ನಾವು ಯಾರೂ ಇದನ್ನು ಕಿವಿಯಿಂದ ಪರೀಕ್ಷಿಸಿರಲಿಲ್ಲ.

ಮೂಲ ಕಡತಗಳನ್ನು ಬೆರಳಚ್ಚು ಮಾಡಿದವರಿಂದಲೇ ಹುಡುಕಿ ತರಿಸಿ, ಪರಿವರ್ತಕದ ಮೂಲಕ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ತಂದೆವು. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನ ತಪ್ಪಿದ್ದರಿಂದ ಪುಟಪುಟವನ್ನೂ ಓದಿ ತಿದ್ದಬೇಕಾಯಿತು. ಅಧ್ಯಾಯದ ಹೆಸರುಗಳನ್ನು ದಪ್ಪಕ್ಷರದಲ್ಲಿ ಬರೆದು ಬಿಡದೆ ಶೀರ್ಷಿಕೆಗಳೆಂದೇ ಗುರುತಿಸಿದ್ದರಿಂದ, ಎಚ್ ಕೀಲಿ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗುವುದು ಸಾಧ್ಯವಾಯಿತು. ಸ್ಕ್ಯಾನ್ ಪುಟಗಳಿಗೆ, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಟೆಸರಾಕ್ಟ್ ತಂತ್ರಾಂಶ ಬಳಸಿದೆವು. ಮಾಸಲು ಮುದ್ರಣದ ಪುಟಗಳಲ್ಲಿ ಅದು ಕೊಟ್ಟ ಪಠ್ಯವನ್ನು ತಿದ್ದುವುದಕ್ಕಿಂತ ಹೊಸದಾಗಿ ಬೆರಳಚ್ಚಿಸುವುದೇ ಲೇಸೆನಿಸಿತು. ಕೋಷ್ಟಕಗಳನ್ನಂತೂ ಕೈಯಾರೆ ಕಟ್ಟಿದೆವು.

ಇದರಿಂದ ಕೃತಿಸ್ವಾಮ್ಯದ ತೊಡಕು ಬಂದೀತೆಂದು ಸಹೋದ್ಯೋಗಿಯೊಬ್ಬರು ಅಳುಕಿದರು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯು ಅಂಗವಿಕಲರು ಓದಬಲ್ಲ ರೂಪಕ್ಕೆ ಕೃತಿಯನ್ನು ಲಾಭದ ಉದ್ದೇಶವಿಲ್ಲದೆ ಪರಿವರ್ತಿಸಿ ಕೊಡಲು ಅವಕಾಶ ನೀಡಿದೆ. ಈ ಕುರಿತ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶವೂ ಭಾರತವೇ. ಕಾನೂನು ಬಾಗಿಲು ತೆರೆದಿಟ್ಟಿದ್ದರೂ ಅಳುಕಿನಿಂದ ಹೊರಗೇ ನಿಂತಿದ್ದವರು ನಾವು.

ತಿದ್ದಿದ ಮೊದಲ ಅಧ್ಯಾಯವನ್ನು ವಾಟ್ಸಾಪ್‌ನಲ್ಲಿ ಕಳಿಸಿದಾಗ ಆ ವಿದ್ಯಾರ್ಥಿ ಕೇಳಿ, ನಮ್ಮ ಕಣ್ಣಿಗೆ ಬೀಳದಿದ್ದ ಎರಡು ಒತ್ತಕ್ಷರದ ತಪ್ಪುಗಳನ್ನು ತಿಳಿಸಿದರು. ಈಗ ಪ್ರತಿಯೊಂದು ಕಡತವೂ ಜಾಲತಾಣಕ್ಕೆ ಏರುವ ಮುನ್ನ ಅವರಿಗೆ ಹೋಗುತ್ತದೆ. ಕರಡು ತಿದ್ದುವವರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಬೇಕೆಂದು ನಾನು ಬರೆದ ಟಿಪ್ಪಣಿ ಇನ್ನೂ ಮೇಲಧಿಕಾರಿಗಳ ಮೇಜಿನ ಮೇಲಿದೆ.