ಕ್ಯಾಥಿ ಡೇವಿಸ್ ಮತ್ತು ನಮ್ಮ ದಾಸವಾಳ

ಮೊನ್ನೆ ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ ‘ಜೇನ್ ಡೋ: ವ್ಯಾನಿಶಿಂಗ್ ಆಕ್ಟ್’ ನೋಡಿದೆ. 2005ರಲ್ಲಿ ಅಮೆರಿಕದ ಹಾಲ್‌ಮಾರ್ಕ್ ಚಾನೆಲ್‌ಗೆಂದೇ ಮಾಡಿದ ಸಿನಿಮಾ. ಲಿಯಾ ಥಾಂಪ್ಸನ್ ಇದರಲ್ಲಿ ಕ್ಯಾಥಿ ಡೇವಿಸ್. ಇಬ್ಬರು ಮಕ್ಕಳ ತಾಯಿ, ಪಝಲ್ ಮಾಡುವುದು ಕೆಲಸ. ಹಿಂದೆ ಗೂಢಚಾರಿಣಿಯಾಗಿದ್ದಳು ಅನ್ನೋದು ಗಂಡನಿಗೇ ಗೊತ್ತಿಲ್ಲ! ಈ ಸರಣಿಯಲ್ಲಿ 2008ರವರೆಗೆ ಒಂಬತ್ತು ಸಿನಿಮಾ ಬಂದವು. ಎರಡನ್ನು ಲಿಯಾನೇ ನಿರ್ದೇಶಿಸಿದ್ದಾಳೆ.

ಗುಟ್ಟಿನ ವಿಷಯ ಮಾತ್ರ ನನಗೆ ನಂಬಿಕೆ ಬರಲಿಲ್ಲ. ಕುವೆಂಪುನಗರದ ನಮ್ಮ ಬೀದಿಯಲ್ಲಿ ಒಗ್ಗರಣೆ ವಾಸನೆಗೇ ಮೂರು ಮನೆಯವರು ‘ಇವತ್ತು ಹಿತಕಿದ ಬೇಳೆ ಸಾರಾ?’ ಅಂತಾರೆ.

ಆದರೂ ಹುಮ್ಮಸ್ಸು ಬಂತು. ನಮ್ಮ ದಾಸವಾಳ ದಿನಾ ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿತ್ತು. ಗಿಡದ ಕೆಳಗೆ ಒಂದು ಎಲೆಯೂ ಉದುರಿರುವುದಿಲ್ಲ, ಅಂದರೆ ಕೈ ಪಳಗಿದವರೇ. ಐದೂವರೆಗೆ ಎದ್ದು, ಲೈಟ್ ಹಾಕದೆ ಅಡುಗೆಮನೆ ಕಿಟಕಿ ಹತ್ತಿರ ನಿಂತೆ. ಕಾಂಪೌಂಡ್ ಮೇಲಿಂದ ಮೊದಲು ಒಂದು ಕೊಕ್ಕೆ ಕೋಲು ಬಂತು. ಹಿಂದೆ ಪಕ್ಕದ ಮನೆ ಅಜ್ಜಿ, ಕೈಯಲ್ಲಿ ಪ್ಲಾಸ್ಟಿಕ್ ಕವರ್.

‘ಏನಜ್ಜಿ ಇದು?’ ಅಂದೆ.

‘ದೇವರಿಗೆ ಕಣಮ್ಮ. ನಿನಗೂ ಪುಣ್ಯ ಬರತ್ತೆ ಅಲ್ವಾ? ಎದ್ದಿದ್ದೀಯಲ್ಲ, ಹಾಗೇ ನಾಲ್ಕು ಕುಡಿ ತುಳಸಿ ಕಿತ್ತುಕೊಡು.’

ಕಿತ್ತುಕೊಟ್ಟೆ.